ಗಂಟೆ ಚೌರಪ್ಪನೂ ಲೂರ್ದಮ್ಮನ ಗಂಟೆಯೂ

ತೂಬಿನಕೊಪ್ಪಲಿನಲ್ಲಿ ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ ಊರಿನಲ್ಲಿ ಗಡಿಯಾರಗಳು ಇರಲಿಲ್ಲವೆಂದಲ್ಲ. ಇದ್ದವು. ಆದರೆ ಅವುಗಳನ್ನು ಯಾರೂ ನಂಬುತ್ತಿರಲಿಲ್ಲ. ಎಲ್ಲರೂ ನಂಬುತ್ತಿದ್ದುದು ಚೌರಪ್ಪನ ಗಂಟೆಯನ್ನು. ಬೆಳಿಗ್ಗೆ ಅವನ ಗಂಟೆ ಕೇಳಿದರೆ ಹಾಲಿನ ಡೈರಿಯ ಬಾಗಿಲು ತೆರೆಯುತ್ತಿತ್ತು. ನಡುಹಗಲಿನ ಗಂಟೆಗೆ ಗದ್ದೆಯಲ್ಲಿದ್ದವರು ನೇಗಿಲು ಬಿಡುತ್ತಿದ್ದರು. ಸಂಜೆಯ ಗಂಟೆಗೆ ಹೆಂಗಸರು ಮುದ್ದೆಗೆ ಎಸರಿಡುತ್ತಿದ್ದರು. ನಮ್ಮ ಶಾಲೆಯಲ್ಲಿಯೂ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದೆವು. ಆದರೆ ಮಧ್ಯಾಹ್ನದ ಊಟಕ್ಕೆ ಅದನ್ನು ಬಡಿಯಬೇಕಾದ ಜವಾನನು ಸುತ್ತಿಗೆ ಹಿಡಿದುಕೊಂಡು ಚೌರಪ್ಪನ ಗಂಟೆಯಿದ್ದ ಪಕ್ಕದ ಗುಡಿಯ ಕಡೆಗೆ ಕಿವಿಗೊಟ್ಟು ನಿಂತಿರುತ್ತಿದ್ದನು.

ಚೌರಪ್ಪನ ಬಳಿ ಕೈಗಡಿಯಾರ ಇರಲಿಲ್ಲ. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ಬಸ್ಸು ನಾಲೆಯ ಏರಿಯ ಮೇಲೆ ಕಾಣಿಸಿಕೊಂಡರೆ ಹನ್ನೆರಡಾಯಿತೆಂದು ಅವನ ಲೆಕ್ಕ. ಒಮ್ಮೆ ನಾನು ಕೇಳಿದೆ: “ಅಲ್ಲಯ್ಯಾ ಚೌರಪ್ಪ, ಬಸ್ಸು ನೋಡಿ ನೀನು ಗಂಟೆ ಹೊಡೆಯುತ್ತೀಯ. ಆ ಡ್ರೈವರು ನಿನ್ನ ಗಂಟೆ ಕೇಳಿ ವಾಚು ತಿರುಗಿಸಿಕೊಳ್ಳುತ್ತಾನೆ. ಇಬ್ಬರಲ್ಲಿ ಯಾರು ಸರಿ?”

“ಇಬ್ರೂ ಒಬ್ರುನ್ನೊಬ್ರು ನಂಬ್ಕಂಡಿದೀವಲ್ಲ, ಅಷ್ಟು ಸಾಲ್ದಾ ಮೇಷ್ಟ್ರೆ?” ಎಂದು ಬೀಡಿಯ ತುದಿಯನ್ನು ಗೋಡೆಗೆ ಒತ್ತಿ ನಕ್ಕಿದ್ದನು.

ಅವನು ತೀರಿಕೊಂಡು ಈಗ ಬಹಳ ವರ್ಷಗಳಾದವು. ಊರು ಬಿಟ್ಟು ಬಂದ ಮೇಲೂ ಹನ್ನೆರಡರ ಹೊತ್ತಿಗೆ ನನ್ನ ಕಿವಿ ತಾನಾಗಿಯೇ ಅತ್ತ ತಿರುಗುತ್ತದೆ. ಅವನ ವಿಷಯವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಚೌರಪ್ಪನು ಕ್ರೈಸ್ತರವನು, ಗಾರೆ ಕೆಲಸದವನು. ನಾಲೆ ಕಟ್ಟುವ ಕಾಲದಲ್ಲಿ ಅವನ ತಾತ ಕಲ್ಲು ಕಟ್ಟಲು ಬಂದವನು ಇಲ್ಲಿಯೇ ಉಳಿದನಂತೆ. ಹಾಗೆ ಉಳಿದ ಕೆಲವೇ ಮನೆಗಳವರು ಸೇರಿ ಶಾಲೆಯ ಮಗ್ಗುಲಲ್ಲಿ ಸಂತ ಸೆಬಾಸ್ತಿಯಾನರ ಹೆಸರಿನಲ್ಲಿ ಒಂದು ಪುಟ್ಟ ಗುಡಿ ಕಟ್ಟಿಕೊಂಡಿದ್ದರು. ಹಿಂದೆ ಪ್ಲೇಗು ಬಂದಾಗ ಈ ಸಂತನಿಗೆ ಹರಕೆ ಹೊರುತ್ತಿದ್ದರೆಂದು ಚೌರಪ್ಪ ಹೇಳುತ್ತಿದ್ದನು. ಒಳಗೆ ಇದ್ದುದು ಮರಕ್ಕೆ ಕಟ್ಟಿಹಾಕಿದ ಯುವಕನೊಬ್ಬನ ವಿಗ್ರಹ. ಅವನ ಮೈತುಂಬ ಬಾಣಗಳು ನಾಟಿದ್ದವು. ಊರಿನ ಒಕ್ಕಲಿಗರು ಅವನಿಗೆ ‘ಬಾಣದಪ್ಪ’ ಎಂದು ಹೆಸರಿಟ್ಟಿದ್ದರು. ದೊಡ್ಡತಾಯಮ್ಮ ಎಂಬ ಮುದುಕಿಯು ಒಂದು ಸಲ ಬಟ್ಟಲಿನಲ್ಲಿ ಅರಿಸಿನ ಕಲಸಿಕೊಂಡು ಬಂದು, “ಯಾರೆತ್ತ ಮಗನೋ ಏನೋ, ಆ ಗಾಯಕ್ಕೆ ವಸಿ ಹಚ್ಲಾ?” ಎಂದು ಕೇಳಿದ್ದಳು. ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಆ ಹಳದಿ ಬಣ್ಣ ವಿಗ್ರಹದ ಪಕ್ಕೆಯಲ್ಲಿ ಬಹಳ ಕಾಲ ಉಳಿದಿತ್ತು.

ಗುಡಿಗೆ ಪಾದ್ರಿಗಳು ಭಾನುವಾರ ಮಾತ್ರ ಶ್ರೀರಂಗಪಟ್ಟಣದ ಕಡೆಯಿಂದ ಮೋಟಾರು ಸೈಕಲ್ಲಿನಲ್ಲಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ಗುಡಿಗೆ ಚೌರಪ್ಪನೇ ದಿಕ್ಕು. ಒಣಕಲು ಮೈಯ ಗಿಡ್ಡ ಮನುಷ್ಯ. ಹಗ್ಗ ಜಗ್ಗಿದರೆ ಗಂಟೆಯ ತೂಕಕ್ಕೆ ಅವನ ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತಿತ್ತು. ದಿನದ ಗಂಟೆಯನ್ನು ಅವನು ಮೂರು ಮೂರು ಏಟುಗಳಾಗಿ, ಲವಲವಿಕೆಯಿಂದ ಹೊಡೆಯುತ್ತಿದ್ದನು. ಸಾವಿನ ಗಂಟೆಯ ರೀತಿಯೇ ಬೇರೆ. ಅವರಲ್ಲಿ ಯಾರಾದರೂ ತೀರಿಕೊಂಡರೆ ಒಂದು ಏಟು ಹೊಡೆದು, ನಾದವೆಲ್ಲ ಅಡಗುವವರೆಗೆ ಕಾದು, ಆಮೇಲೆ ಇನ್ನೊಂದು. ಆ ನಡುವಿನ ಬಿಡುವಿನಲ್ಲಿ ಚೌರಪ್ಪನು ಹಗ್ಗ ಹಿಡಿದು ನಿಂತೇ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದನು. ಮಂತ್ರ ಮುಗಿಯದೆ ಎರಡನೆಯ ಏಟು ಇಲ್ಲ. ಹೋದ ಜೀವಕ್ಕೆ ಅದು ಸಲ್ಲಬೇಕಾದದ್ದು, ಗಂಟೆಯಿಲ್ಲದೆ ಕಳುಹಿಸುವುದೆಂದರೆ ಬುತ್ತಿ ಕಟ್ಟದೆ ಪ್ರಯಾಣಕ್ಕೆ ಕಳುಹಿಸಿದಂತೆ ಎಂದು ಅವನು ನಂಬಿದ್ದನು.

ಅವನ ಹೆಂಡತಿ ಲೂರ್ದಮ್ಮ. ಎತ್ತರದ ಹೆಂಗಸು, ಜೋರು ನಗೆಯವಳು. ಗುಡಿಯ ಪಕ್ಕದ ಜಾಗದಲ್ಲಿ ಸೇವಂತಿಗೆ ಹಾಕಿದ್ದಳು. ಆಯುಧಪೂಜೆಗೆ ಊರಿನ ಟ್ರಾಕ್ಟರುಗಳಿಗೆಲ್ಲ ಅವಳ ಹೂವು. ದೀಪಾವಳಿಗೂ ಅವಳದೇ. ಅದೇ ಸುಮಾರಿಗೆ ಬರುವ ಅವರ ಸತ್ತವರ ಹಬ್ಬಕ್ಕೆ ಸಮಾಧಿಗಳ ಮೇಲೆ ಇಡುವುದಕ್ಕೂ ಅವಳದೇ. ಮಕ್ಕಳಿರಲಿಲ್ಲ. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಒಬ್ಬರನ್ನೊಬ್ಬರು ಕೆಣಕುತ್ತಲೇ ಕಾಲ ಕಳೆಯುತ್ತಿದ್ದರು. ಅವಳ ದೊಡ್ಡ ದೂರು ಒಂದಿತ್ತು. ಅತ್ತೆ ಸತ್ತ ದಿನ ಮಳೆ ಬರುವಂತಿದ್ದುದರಿಂದ ಚೌರಪ್ಪನು ಗಂಟೆಯನ್ನು ಬೇಗ ಬೇಗ ಹೊಡೆದು ಮುಗಿಸಿದನೆಂದು.

“ನೋಡಿ ಮೇಷ್ಟ್ರೆ, ಎತ್ತ ತಾಯ್ಗೆ ಅರ್ಧರ್ಧ ಮಂತ್ರಕ್ಕೇ ಹೊಡ್ದು ಕಳಿಸ್ಬುಟ್ರು ಇವ್ರು. ಆ ಮುದ್ಕಿ ಸ್ವರ್ಗದ್ ಬಾಗ್ಲಲ್ಲಿ ಇನ್ನೂ ಕಾಯ್ತಾ ಕೂತದೋ ಏನೋ!”

“ಮಳೆ ಬತ್ತಿತ್ತು ಕಣೇ. ಗುಂಡೀಗೆ ನೀರು ತುಂಬ್ಕಂಡ್ರೆ ಮುದ್ಕೀನ ಎಲ್ಲಿ ಮಡಗೋದು?”

“ನಂಗಂತೂ ಅಂಗೆ ಮಾಡ್ಬೇಡಿ, ಯೋಳಿವ್ನಿ. ಗುಡುಗ್ಲಿ, ಸಿಡ್ಲು ಬಡೀಲಿ. ಪೂರಾ ಮಂತ್ರ ಯೋಳಿ, ನಿಧಾನಕ್ಕೆ ಹೊಡೀಬೇಕು. ಊರ್ಗೆಲ್ಲಾ ಕೇಳ್ಬೇಕು. ಬದ್ಕಿರೋಗಂಟ ನಿಮ್ಮ ಗಂಟೆ ಕೇಳಿ ಕೇಳಿ ಕಿವಿ ತೂತಾಗದೆ, ಸತ್ ಮೇಲಾದ್ರೂ ನಂದು ಅಂತ ಒಂದ್ ಗಂಟೆ ಬೇಡ್ವಾ?”

“ಹೂಂ ಕಣೇ ಮಾರಾಯ್ತಿ, ಹೊಡೀತೀನಿ. ಮೊದ್ಲು ಸಾಯಿ.”

ಇಂಥ ಮಾತಿಗೆ ಅವಳು ನಗುತ್ತಿದ್ದಳು. ಅದು ಅವರ ಮನೆಯ ಸಲಿಗೆ.

ಸಾವಿರದ ಒಂಬೈನೂರ ತೊಂಬತ್ತನಾಲ್ಕನೆಯ ಇಸವಿಯ ಭಾದ್ರಪದದಲ್ಲಿ ಮಳೆ ಹೆಚ್ಚಾಗಿ, ಚರಂಡಿಯ ನೀರು ಕುಡಿಯುವ ಬಾವಿಗೆ ಸೇರಿತು. ಮೊದಲು ಬಾವಿಯ ಬೀದಿಯಲ್ಲಿ, ಆಮೇಲೆ ಊರೆಲ್ಲ ವಾಂತಿಭೇದಿ ಶುರುವಾಯಿತು. ಸುತ್ತಲ ಹಳ್ಳಿಗಳಲ್ಲೂ ಅದೇ ಗೋಳು. ನಾಗಮಂಗಲದ ಕಡೆಯಿಂದ ನೆಂಟರ ಮನೆಗೆ ಬಂದವರು ಹಿಂದಿರುಗಲಾಗದೆ ಇಲ್ಲಿಯೇ ಮಲಗಿದರು. ರೇಡಿಯೊ ತಿರುಗಿಸಿದರೆ ಸೂರತ್ತಿನ ಪ್ಲೇಗಿನ ಸುದ್ದಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾವು ಎಷ್ಟು ಹೇಳಿದರೂ ಜನರ ಎದೆ ಒಣಗಿತ್ತು. ಆಸ್ಪತ್ರೆಗಳಲ್ಲಿ ಜಾಗವಿಲ್ಲದೆ ನಮ್ಮ ಶಾಲೆಯನ್ನೇ ವಾರ್ಡು ಮಾಡಿದರು. ಬೆಂಚುಗಳನ್ನು ಜೋಡಿಸಿ ಮಂಚ ಮಾಡಿದೆವು. ಗ್ಲೂಕೋಸ್ ಬಾಟಲಿಗಳನ್ನು ಕಿಟಕಿಯ ಸರಳುಗಳಿಗೂ ಭೂಪಟದ ಮೊಳೆಗಳಿಗೂ ಕಟ್ಟಿದೆವು. ಒಬ್ಬ ಎಳೆಯ ವಯಸ್ಸಿನ ಡಾಕ್ಟರು ಬಂದು ನನ್ನ ಕುರ್ಚಿಯಲ್ಲಿಯೇ ಬೀಡುಬಿಟ್ಟರು.

ಊರ ಹೆಂಗಸರು ಮಾರಮ್ಮನಿಗೆ ಕಟ್ಟುಪಾಡು ಹಿಡಿದರು. ಬಾಗಿಲಿಗೆ ಬೇವಿನ ಸೊಪ್ಪು. ಯಾವ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ, ಆ ವಾಸನೆಗೆ ಅಮ್ಮ ಮುನಿಯುತ್ತಾಳೆ. ಊರ ಯಜಮಾನ ಚಲುವಯ್ಯನವರು ಚೌರಪ್ಪನ ಮನೆಯ ಮುಂದೆ ನಿಂತು, “ನಿಮ್ಮ ಜಾತಿ ಬೇರೆ, ನಾವು ಬಲವಂತ ಮಾಡಾಕಿಲ್ಲ. ಆದ್ರೂವೆ...” ಎಂದು ತಡವರಿಸಿದರು.

ಲೂರ್ದಮ್ಮ ಒಳಗಿನಿಂದಲೇ ಹೇಳಿದಳು: “ಒಗ್ರಣೆ ಇಲ್ದಿದ್ರೆ ನಮ್ಮ ಏಸುಸ್ವಾಮಿ ಏನೂ ಬೇಜಾರು ಮಾಡ್ಕಳಾಕಿಲ್ಲ ಬುಡಿ ಯಜಮಾನ್ರೆ. ನಮ್ಮ ಉಪಾಸದ ತಿಂಗ್ಳು ಅಂದ್ಕಂಡು ಉಣ್ತೀವಿ. ಇವ್ರ ಬಾಯಿ ರುಚೀನೂ ವಸಿ ಇಳೀಲಿ.”

ಅಂದಿನಿಂದ ಗಂಡಹೆಂಡಿರಿಬ್ಬರೂ ವಾರ್ಡಿಗೆ ನಿಂತರು. ಗುಡಿಯ ಹಬ್ಬದಲ್ಲಿ ಅನ್ನ ಮಾಡುವ ತಾಮ್ರದ ಹಂಡೆಯನ್ನು ಅಂಗಳದಲ್ಲಿ ಒಲೆಯ ಮೇಲೇರಿಸಿ ಚೌರಪ್ಪ ನೀರು ಕಾಯಿಸಿ, ಅಡ್ಡೆಯಲ್ಲಿ ಹೊತ್ತು ತರುತ್ತಿದ್ದನು. ಲೂರ್ದಮ್ಮನು ಹೆಂಗಸರ ಕೋಣೆಯಲ್ಲಿ ಅವರ ಮೈ ತೊಳೆದು, ಬಟ್ಟೆ ಬದಲಿಸಿ, ಉಪ್ಪುಸಕ್ಕರೆಯ ನೀರನ್ನು ಚಮಚ ಚಮಚವಾಗಿ ಕುಡಿಸುತ್ತಿದ್ದಳು. ಕುತ್ತಿಗೆಯಲ್ಲಿ ಜಪಸರ, ತುಟಿಯಲ್ಲಿ ಸದಾ ಪಿಸುಮಾತು. ಒಂದು ದಿನ ದೊಡ್ಡತಾಯಮ್ಮ ಮಲಗಿದ್ದಲ್ಲಿಂದಲೇ ರೇಗಿದಳು.

“ಏನವ್ವಾ ಗೊಣಗ್ತೀಯೆ? ನನ್ನ ಬಯ್ಕತಾ ಇದೀಯಾ?”

“ಇಲ್ಲ ಕಣಜ್ಜಿ. ನಿನ್ನ ಹೆಸ್ರು ಯೋಳಿ ಬೇಡ್ಕತಾ ಇವ್ನಿ.”

“ಯಾರ್ ತಾವ?”

“ನಮ್ಮ ದೇವರ ತಾಯಿ ತಾವ. ಮರಿಯಮ್ಮನ ತಾವ.”

ಮುದುಕಿ, “ಅಂಗಾರೆ ಗಟ್ಟಿಯಾಗೇ ಯೋಳು. ಆ ಮಾತಾಯಿಗೂ ನನ್ನಂಗೆ ಕಿವಿ ಮಂದ್ವೋ ಏನೋ” ಎಂದಳು. ಅಷ್ಟು ಸಂಕಟದಲ್ಲೂ ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಹೀಗಿರುವಾಗ ಕ್ರೈಸ್ತರ ಪೈಕಿ ರಾಯಪ್ಪನೆಂಬ ವೃದ್ಧನು ತನ್ನ ಮನೆಯಲ್ಲಿಯೇ ತೀರಿಕೊಂಡನು. ಚೌರಪ್ಪ ಅಡ್ಡೆ ಇಳಿಸಿ ಹೋಗಿ, ಎಂದಿನಂತೆ ಸಾವಿನ ಗಂಟೆ ಹೊಡೆದನು. ಗುಡಿಗೂ ಶಾಲೆಗೂ ನಡುವೆ ಒಂದು ಗೋಡೆಯಷ್ಟೇ. ಒಂದು ಏಟು. ಬಿಡುವು. ಮತ್ತೊಂದು ಏಟು. ಗಂಡಸರ ಕೋಣೆಯಲ್ಲಿ ಮಾತು ನಿಂತಿತು. ಕೆಲವರು ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಆ ಕೋಣೆಯಲ್ಲಿದ್ದವನು ಕೆಂಪಣ್ಣ. ಊರಿಗೆ ದೊಡ್ಡ ಕುಳ, ದಪ್ಪ ಮೀಸೆ, ನಾಲೆಯ ಆಚೆಗೂ ಕೇಳುವ ಗಂಟಲು. ಚೌರಪ್ಪನ ಓರಗೆಯವನು. ಚಿಕ್ಕಂದಿನಲ್ಲಿ ಇಬ್ಬರೂ ಒಟ್ಟಿಗೆ ನಾಲೆಯಲ್ಲಿ ಈಜಿದವರು. ಅಂಥವನು ಹಸುಗೂಸಿನಂತೆ ನಡುಗುತ್ತ ಎದ್ದು ಕುಳಿತನು.

“ಯಮನ ಕೋಣ ಬಂದ್ಬುಡ್ತು. ಕೋಣದ ಕೊರಳಿನ ಗಂಟೆ ಕಣ್ರೋ ಅದು! ಇನ್ನು ಈ ಸೂಜಿ ಯಾಕೆ, ಈ ನೀರು ಯಾಕೆ? ಸಾಯೋದಾದ್ರೆ ನಮ್ಮನೇಲಿ ಸಾಯ್ತೀನಿ” ಎಂದು ಕೈಯ ಸೂಜಿಯನ್ನು ಕಿತ್ತು ಹೊರಟನು. ಎರಡು ಹೆಜ್ಜೆಗೆ ಕುಸಿದನು. ಅವನ ಹೆಂಡತಿ ಮಾಯಮ್ಮ ಬಾಯಿ ಬಡಿದುಕೊಂಡಳು. ನಾವೆಲ್ಲ ಸೇರಿ ಎತ್ತಿ ಮಲಗಿಸಿದೆವು. ಆದರೆ ಅಂದೆಲ್ಲ ಅವನು ಒಂದು ಗುಟುಕು ನೀರನ್ನೂ ನುಂಗಲಿಲ್ಲ. ಅವನನ್ನು ನೋಡಿ ಇನ್ನಿಬ್ಬರು ಬಾಯಿ ಬಿಗಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, “ಮೇಷ್ಟ್ರೇ, ಕಾಯಿಲೆಗೆ ಔಷಧ ಇದೆ, ಈ ಹೆದರಿಕೆಗೆ ನನ್ನಲ್ಲಿ ಇಲ್ಲ. ಆ ಗಂಟೆಯನ್ನು ಹೇಗಾದರೂ ನಿಲ್ಲಿಸಿ” ಎಂದರು.

ಚಲುವಯ್ಯನವರೂ ನಾನೂ ಗುಡಿಗೆ ಹೋದೆವು. ವಿಷಯ ಕೇಳಿ ಚೌರಪ್ಪನು ಬಹಳ ಹೊತ್ತು ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ನಿಂತಿದ್ದನು.

“ಯಜಮಾನ್ರೆ, ನಿಮ್ಮೋರು ಸತ್ತಾಗ ಹಾಲು ತುಪ್ಪ ಬುಡ್ಬೇಡಿ, ಎಡೆ ಇಕ್ಬೇಡಿ ಅಂತ ನಾ ಬಂದು ಯೋಳಿದ್ರೆ ಎಂಗಿರ್ತದೆ?”

“ಕರುಳು ಕಿತ್ತಂಗಾಯ್ತದೆ ಕಣಪ್ಪ. ಗೊತ್ತಿದ್ದೇ ಕೇಳ್ತಾ ಇವ್ನಿ. ಸತ್ತೋರ್ಗೆ ಕೊಡೋದು ಕೊಡ್ಲೇಬೇಕು. ಬದುಕ್ಬೋದಾದೋನು ಎದ್ರಿಕೊಂಡೇ ಸತ್ತೋದ್ರೆ?”

ಭಾನುವಾರ ಪಾದ್ರಿಗಳು ಬಂದಾಗ ಚೌರಪ್ಪನು ಅವರನ್ನೂ ಕೇಳಿದನು. “ದೇವರಿಗೆ ಗಂಟೆ ಹೊಡೆದೇ ತಿಳಿಸಬೇಕೇನಪ್ಪಾ? ಮಂತ್ರವನ್ನು ಮೌನವಾಗಿ ಹೇಳು, ಅವನು ಕೇಳಿಸಿಕೊಳ್ಳುತ್ತಾನೆ” ಎಂದು ಅವರು ಸಮಾಧಾನ ಹೇಳಿದರು. ಕಾಯಿಲೆ ಊರು ಬಿಡುವವರೆಗೆ ಸಾವಿನ ಗಂಟೆ ಹೊಡೆಯುವುದಿಲ್ಲವೆಂದು ಚೌರಪ್ಪ ಚಲುವಯ್ಯನವರ ಕೈ ಮುಟ್ಟಿ ಮಾತು ಕೊಟ್ಟನು.

ಲೂರ್ದಮ್ಮನಿಗೆ ಇದು ತಿಳಿದದ್ದು ವಾರ್ಡಿನ ಅಂಗಳದಲ್ಲಿ, ನನ್ನೆದುರಿಗೇ. ಸೊಂಟಕ್ಕೆ ಕೈಯಿಟ್ಟು ನಿಂತಳು.

“ಊರ್ಗೆಲ್ಲಾ ಮಾತು ಕೊಟ್ಬುಟ್ರಿ, ನನ್ನೊಂದು ಮಾತು ಕೇಳಿದ್ರಾ? ಈಗ ಈ ಕಾಯ್ಲೆ ಓಗೋಗಂಟ ನಾನು ಸಾಯೋ ಅಂಗೂ ಇಲ್ವಲ್ಲ!”

“ಸಾಯ್ಬೇಡ ಅಂತ್ಲೇ ಕಣೇ ಮಾತು ಕೊಟ್ಟಿರೋದು.”

“ನೋಡಿದ್ರಾ ಮೇಷ್ಟ್ರೆ ಕಿಲಾಡಿತನಾನ” ಎಂದು ನಕ್ಕು, ಒಗೆದ ಬಟ್ಟೆ ಹಿಂಡಲು ಹೋದಳು.

ದಿನದ ಮೂರು ಹೊತ್ತಿನ ಗಂಟೆಗಳು ಮಾತ್ರ ನಡೆದುಕೊಂಡೇ ಬಂದವು. ಕೆಂಪಣ್ಣನಿಗೆ ಆ ಗಂಟೆಯೇ ಈಗ ಊರುಗೋಲಾಯಿತು. ಬೆಳಗಿನ ಗಂಟೆ ಕೇಳಿದೊಡನೆ, “ಇನ್ನೊಂದು ದಿನ ಸಿಕ್ತು ಕಣಮ್ಮಿ” ಎಂದು ಮಾಯಮ್ಮನಿಗೆ ಹೇಳಿ ನೀರಿಗೆ ಬಾಯಿ ತೆರೆಯುತ್ತಿದ್ದನು. ಮಧ್ಯಾಹ್ನದ ಗಂಟೆಗೆ ಗಂಜಿ. ಸಂಜೆಯ ಗಂಟೆಗೆ ಮಾತ್ರೆ. ಅವನ ಕೋಣೆಯವರೆಲ್ಲ ಅದೇ ಪಾಠ ಕಲಿತರು. ಗಂಟೆ ಒಂದಿಷ್ಟು ತಡವಾದರೂ ತಲೆಯೆತ್ತಿ ಗೋಡೆಯತ್ತ ನೋಡುತ್ತಿದ್ದರು.

ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಹಿರಿಯರಿಗೆ ಎಡೆಯಿಡುವ ದಿನ. ಆದರೆ ಒಗ್ಗರಣೆಯೇ ಇಲ್ಲದ ಊರಿನಲ್ಲಿ ಎಡೆಗೆ ಏನು ಬೇಯಿಸುವುದು? ಅಮ್ಮನ ಕಟ್ಟುಪಾಡು ಮುರಿಯಲು ಯಾರಿಗೂ ಧೈರ್ಯ ಬರಲಿಲ್ಲ. ಆ ವರ್ಷ ತೀರಿಕೊಂಡ ಯಾರಿಗೂ ಎಲೆ ಹಾಕಿ ಕರೆಯಲಿಲ್ಲ. ಕೆಂಪಣ್ಣನ ತಮ್ಮ, ಮಾಯಮ್ಮನ ತಾಯಿ, ಅಕ್ಕಸಾಲಿಗರ ಕಾಳಪ್ಪನ ಮಗಳು, ಇವರೆಲ್ಲ ಕಾಯಿಲೆಗೆ ಸಿಕ್ಕಿ, ತಮಟೆಯ ಸದ್ದೂ ಇಲ್ಲದೆ ಹೋದವರು.

ಅದಾದ ಮೇಲೆ ಲೂರ್ದಮ್ಮ ಬಿದ್ದಳು. ಅಷ್ಟು ದಿನ ಯಾರ ಬಟ್ಟೆಗಳನ್ನು ಒಗೆದಿದ್ದಳೋ ಅವರ ನಡುವೆಯೇ ಅವಳಿಗೂ ಒಂದು ಬೆಂಚು ಹಾಕಿದೆವು. ಗಟ್ಟಿ ಮೈಯವಳು, ಎದ್ದುಬಿಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದೆವು. ಚೌರಪ್ಪನು ಅವಳ ಕಾಲ ಬಳಿ ಕುಳಿತು ಜಪಸರದ ಮಣಿಗಳನ್ನು ಒಂದೊಂದಾಗಿ ಸರಿಸುತ್ತಿದ್ದನು. ದೊಡ್ಡತಾಯಮ್ಮನು ಅಷ್ಟು ಹೊತ್ತಿಗೆ ಚೇತರಿಸಿಕೊಂಡಿದ್ದಳು. “ಗಟ್ಟಿಯಾಗಿ ಯೋಳಪ್ಪಾ, ಗಟ್ಟಿಯಾಗಿ” ಎಂದು ಅವಳೂ ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ತಿಳಿದಂತೆ ಮಾರಮ್ಮನನ್ನೂ ಮರಿಯಮ್ಮನನ್ನೂ ಒಂದೇ ಉಸಿರಿನಲ್ಲಿ ಬೇಡಿಕೊಂಡಳು. ಸಂಜೆಯಾಗುತ್ತಿತ್ತು. ಚೌರಪ್ಪ ಏಳಲಿಲ್ಲ. ಲೂರ್ದಮ್ಮನೇ ಕಣ್ಣು ತೆರೆದು ಕಿಟಕಿಯ ಬೆಳಕನ್ನು ನೋಡಿದಳು.

“ಗಂಟೆ ಹೊತ್ತಾಯ್ತಲ್ಲ, ಇನ್ನೂ ಕೂತೇ ಇದೀರಲ್ಲ? ಓಗಿ. ಆ ಕಡೆ ಅವ್ರೆಲ್ಲ ಕಾಯ್ತಾ ಇರ್ತಾರೆ.”

ನಾನು ಕೇಳಿದ ಅವಳ ಕೊನೆಯ ಮಾತು ಅದು. ಮರುದಿನ ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ ಹೋಗಿಬಿಟ್ಟಳು.

ಚೌರಪ್ಪನು ಅವಳ ಕಣ್ಣು ಮುಚ್ಚಿ, ಜಪಸರವನ್ನು ಕೈಗೆ ಸುತ್ತಿ, ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿದನು. ಗಂಡಸರ ಕೋಣೆಗೆ ತಿಳಿಯದ ಹಾಗೆ ಹಿಂಬಾಗಿಲಿನಿಂದ ಅವಳನ್ನು ಗುಡಿಗೆ ಸಾಗಿಸಿದೆವು. ಬಾಣದಪ್ಪನ ಮುಂದೆ ಚಾಪೆಯ ಮೇಲೆ ಅವಳನ್ನು ಮಲಗಿಸಿದಾಗ, ಪಕ್ಕದಲ್ಲಿಯೇ ಗಂಟೆಯ ಹಗ್ಗ ಇಳಿಬಿದ್ದಿತ್ತು. ಚೌರಪ್ಪ ಅದನ್ನು ಒಂದು ಸಲ ನೋಡಿದನು. ಒಂದೇ ಒಂದು ಏಟು ಹೊಡೆದಿದ್ದರೂ ಅವನನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ. ಕೊಟ್ಟ ಮಾತಿನಿಂದ ಬಿಡುಗಡೆ ಮಾಡುತ್ತೇನೆಂದು ಚಲುವಯ್ಯನವರೇ ಬಾಯಿ ಬಿಟ್ಟರು. ಅವನು ಬೇಡವೆಂದು ತಲೆಯಾಡಿಸಿದನು.

ನಾಲೆಯ ಏರಿಯ ಮೇಲೆ ಬಸ್ಸು ಕಂಡಿತು.

“ಇವತ್ತೊಂದು ದಿನ ಮಧ್ಯಾಹ್ನದ ಗಂಟೆಯನ್ನು ನಮ್ಮ ಜವಾನ ಹೊಡೆಯಲಿ, ನೀನು ಕೂತುಕೋ” ಎಂದೆ.

“ಅವ್ನ ಕೈ ಬೇರೆ ಮೇಷ್ಟ್ರೆ. ಕೆಂಪನಿಗೆ ಗೊತ್ತಾಗ್ಬುಡ್ತದೆ” ಎಂದು ಎದ್ದು ಹಗ್ಗ ಹಿಡಿದನು.

ಹೆಂಡತಿಯ ಹೆಣದ ಮಗ್ಗುಲಲ್ಲಿ ನಿಂತು ಅವನು ಆ ದಿನ ಹೊಡೆದದ್ದು ಸಾವಿನ ಗಂಟೆಯಲ್ಲ, ಪ್ರತಿದಿನದ ಗಂಟೆ. ಮೂರು, ಮೂರು, ಮೂರು. ಅದೇ ಲವಲವಿಕೆ. ಹಿಮ್ಮಡಿಗಳು ಎಂದಿನಂತೆ ನೆಲ ಬಿಟ್ಟು ಎದ್ದವು. ಕೊನೆಯ ಮೂರಕ್ಕೆ ಮುನ್ನ ಮಾತ್ರ ಒಂದಿಷ್ಟು ತಡೆದನು. ನಾನು ವಾರ್ಡಿಗೆ ಹಿಂದಿರುಗಿದಾಗ ಕೆಂಪಣ್ಣ ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದನು.

“ಕೇಳಿದ್ರಾ ಮೇಷ್ಟ್ರೆ, ಚೌರ ಇವತ್ತು ಎಲ್ಲೋ ಯೋಚ್ನೆ ಮಾಡ್ತಾ ಹೊಡ್ದವ್ನೆ. ಲೂರ್ದಮ್ಮ ಉಪ್ಪಿಲ್ದ ಸಾರು ಇಕ್ಕಿರ್ಬೇಕು” ಎಂದು ನಗಾಡಿದನು. ವಿಷಯ ತಿಳಿದಿದ್ದ ಮಾಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು.

ಇಳಿಹೊತ್ತಿಗೆ ಪಾದ್ರಿಗಳು ಬಂದರು. ಗಂಟೆಯಿಲ್ಲದೆ, ಹಾಡಿಲ್ಲದೆ ಮಣ್ಣು ಮಾಡಿದೆವು. ಅವಳ ಸೇವಂತಿಗೆಯ ಗಿಡಗಳಲ್ಲಿ ಅಂದು ಇದ್ದುದು ಬರೀ ಮೊಗ್ಗು.

ವಿಜಯದಶಮಿ ಕಳೆದ ಮೇಲೆ ಕಾಯಿಲೆ ಇಳಿಯಿತು. ಬೆಂಚುಗಳು ಮತ್ತೆ ಸಾಲಾದವು. ಊರಿನಲ್ಲಿ ಮತ್ತೆ ಒಗ್ಗರಣೆಯ ವಾಸನೆ ಎದ್ದಿತು. ಚೌರಪ್ಪನು ಮಾತ್ರ ಮಾತು ಕಡಿಮೆ ಮಾಡಿದನು. ಒಂದು ಸಂಜೆ ಗುಡಿಯ ಜಗಲಿಯಲ್ಲಿ ಅವನ ಪಕ್ಕ ಕುಳಿತು, “ಈಗ ಹೊಡೆಯಬಹುದಲ್ಲಾ ಚೌರಪ್ಪ, ಅವಳ ಗಂಟೆಯನ್ನು?” ಎಂದೆ.

“ಹೊತ್ತು ಮೀರಿದ ಗಾರೆ ಹಿಡಿಯಾಕಿಲ್ಲ ಮೇಷ್ಟ್ರೆ” ಎಂದನು. ಆಮೇಲೆ ತಾನಾಗಿಯೇ ಮುಂದುವರಿಸಿದನು. “ಅವ್ಳ ಕಾಲ್ದೆಸೇಲಿ ಕೂತು ಎಷ್ಟು ಬೇಡ್ಕಂಡೆ. ದೇವ್ರು ಕೇಳ್ನಿಲ್ಲ ಅನ್ನಾಕಿಲ್ಲ ನಾನು. ಕೇಳುಸ್ಕಂಡೂ ಸುಮ್ಕಿದ್ದ. ಅದೇ ಬಲು ಕಷ್ಟ. ಲೂರ್ದಿ ಒಂದ್ಸಲ ಈ ಸಂತನ್ನ ತೋರಿಸ್ಕಂಡು ನಗ್ತಾ ಇದ್ಲು, ‘ತನ್ನ ಮೈಮೇಲಿನ ಬಾಣಾನೇ ಕಿತ್ಕಳ್ದೋನು ನಮ್ದು ಏನ್ ಕೀಳ್ತಾನೆ’ ಅಂತ. ಕೀಳಾಕಿಲ್ಲ ಮೇಷ್ಟ್ರೆ. ಆದ್ರೆ ನಮ್ಜೊತೇಲಿ ನಿಂತ್ಕತಾನೆ. ಅವತ್ತು ಮಧ್ಯಾಹ್ನ ಹಗ್ಗ ಜಗ್ಗಬೇಕಾದ್ರೆ ಒಬ್ನೇ ಇದೀನಿ ಅಂತ ನಂಗನ್ನಿಸ್ನಿಲ್ಲ.”

ಮೂಗು ಒರೆಸಿಕೊಂಡು ಮತ್ತೆ ಹೇಳಿದನು: “ಒಂದು ಬಾಧೆ ಮಾತ್ರ ಓಯ್ತಾ ಇಲ್ಲ. ಅವ್ಳು ಕೇಳಿದ್ದು ಒಂದೇ.”

ಕೆಂಪಣ್ಣನಿಗೆ ನಿಜ ತಿಳಿದದ್ದು ಮನೆಗೆ ಹೋದ ಮೇಲೆ. ಮಾಯಮ್ಮ ಹೇಳಿದಳಂತೆ. ಅವನು ಎರಡು ದಿನ ಜಗಲಿಗೆ ಬರಲಿಲ್ಲ. ಆಮೇಲೆ ರಾಗಿಯನ್ನೂ ಅವರೆಕಾಯಿಯನ್ನೂ ಚೌರಪ್ಪನ ಮನೆಗೆ ಕಳುಹಿಸಿದನು. ತಾನು ಮಾತ್ರ ಗುಡಿಯ ಬೀದಿಯನ್ನು ತಪ್ಪಿಸಿ ಬಳಸುದಾರಿಯಲ್ಲಿ ಓಡಾಡುತ್ತಿದ್ದನು.

ನವೆಂಬರಿನಲ್ಲಿ ಅವರ ಸತ್ತವರ ಹಬ್ಬ ಬಂತು. ಆ ವರ್ಷ ದೀಪಾವಳಿಯೂ ಅದರ ಆಸುಪಾಸಿನಲ್ಲಿಯೇ ಇತ್ತು. ಲೂರ್ದಮ್ಮನ ಸೇವಂತಿಗೆ ಮಡಿಯೆಲ್ಲ ಹಳದಿಯಾಗಿತ್ತು. ಚೌರಪ್ಪ ಹೂವನ್ನು ಬಿಡಿಸಿ, ಸಮಾಧಿಗಳಿಗೆಲ್ಲ ಇಟ್ಟು, ಮೇಣದ ಬತ್ತಿ ಹಚ್ಚಿ ಗುಡಿಗೆ ಬಂದನು. ಆ ದಿನ ಮಧ್ಯಾಹ್ನದ ಮೇಲೆ, ಸತ್ತವರೆಲ್ಲರ ಹೆಸರಿನಲ್ಲಿ ಗಂಟೆ ಹೊಡೆಯುವುದು ವಾಡಿಕೆ. ನಾನೂ ಹೋಗಿದ್ದೆ. ಅವನು ಹಗ್ಗಕ್ಕೆ ಕೈ ಹಾಕುವ ಹೊತ್ತಿಗೆ ಬಾಗಿಲಲ್ಲಿ ಕೆಂಪಣ್ಣ ನಿಂತಿದ್ದನು. ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದನು. ಅವನ ಹಿಂದೆ ಮಾಯಮ್ಮ, ಅಕ್ಕಸಾಲಿಗರ ಕಾಳಪ್ಪ, ದೊಡ್ಡತಾಯಮ್ಮ, ಇನ್ನೂ ಬೀದಿಯ ಜನ.

“ಲೇ ಚೌರ” ಎಂದನು ಕೆಂಪಣ್ಣ. ಅಷ್ಟು ದೊಡ್ಡ ಗಂಟಲು ಅಂದು ಸಣ್ಣಗಾಗಿತ್ತು. “ಈ ಸಲ ನಮ್ಮೋರ್ಗೆ ಎಡೆ ಬೀಳ್ನಿಲ್ಲ ಕಣ್ಲಾ. ನನ್ ತಮ್ಮ ತಮಟೇನೂ ಇಲ್ದಂಗೆ ಓದ. ನಿಮ್ಮೋರ್ ಜೊತೇಲಿ ಅವ್ನಿಗೂ ಒಂದೇಟು ಹೊಡೀತೀಯಾ?”

“ನಮ್ಮವ್ವಂಗೂ ಒಂದು” ಎಂದಳು ಮಾಯಮ್ಮ.

ಚೌರಪ್ಪ ತಬ್ಬಿಬ್ಬಾದನು. “ಹೊಡೀಬೋದು. ಆದ್ರೆ ಏಟಿಗೊಂದು ಮಂತ್ರ ಯೋಳ್ಬೇಕಲ್ಲಪ್ಪ. ನಿಮ್ಮೋರ್ಗೆ ಯಾವ ಮಂತ್ರ ಯೋಳ್ಲಿ?”

“ನಿಂದೇನು ಮಂತ್ರ?”

“ಮೇಲಿರೋ ನಮ್ಮ ತಂದೆಯೇ ಅಂತ.”

“ಅಪ್ಪಾ ಅಂತ ಕೂಗೋದು ತಾನೆ? ಅದನ್ನೇ ಯೋಳು. ಅಪ್ಪ ಅಂದ್ರೆ ಯಾರು ಬ್ಯಾಡ ಅಂತಾರ್ಲಾ.”

ಚೌರಪ್ಪ ಹೊಡೆದನು. ಒಬ್ಬೊಬ್ಬರೂ ಮುಂದೆ ಬಂದು ತಮ್ಮವರ ಹೆಸರು ಹೇಳುವರು. ಅವನು ಆ ಹೆಸರನ್ನು ತಾನೂ ಒಮ್ಮೆ ಹೇಳಿ ಹಗ್ಗ ಜಗ್ಗುವನು. ನಾದ ನಾಲೆಯ ಬಯಲಿನ ಮೇಲೆ ಹರಡಿ ಅಡಗುವವರೆಗೆ ಮಂತ್ರ ಹೇಳುವನು. ಯಾರೂ ಅವಸರ ಮಾಡಲಿಲ್ಲ. ಕಾಳಪ್ಪನು ಮಗಳ ಹೆಸರು ಹೇಳಲಾಗದೆ ನಿಂತಾಗ ಚೌರಪ್ಪನೇ ನೆನಪಿಸಿಕೊಂಡು ಹೇಳಿದನು. ಬಿಸಿಲು ಗುಡಿಯ ಬಾಗಿಲಿನಿಂದ ಒಳಕ್ಕೆ ಇಳಿಯಿತು. ಬೀದಿಯಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಕುಳಿತರು.

ಕೊನೆಗೆ ಯಾರೂ ಮುಂದೆ ಬರಲಿಲ್ಲ. ಚೌರಪ್ಪ ಹಗ್ಗ ಹಿಡಿದೇ ಇದ್ದನು. ಬಾಯಿ ತೆರೆದನು. ಹೆಸರು ಹೊರಡಲಿಲ್ಲ. ಹಗ್ಗ ಒಂದು ಗೇಣೂ ಕೆಳಗಿಳಿಯಲಿಲ್ಲ.

ಕೆಂಪಣ್ಣನು ಮುಂದೆ ಬಂದು ಅವನ ಕೈಯಿಂದ ಹಗ್ಗ ತೆಗೆದುಕೊಂಡನು. “ಲೂರ್ದಮ್ಮ” ಎಂದು, ಈ ಸಲ ತನ್ನ ಹಳೆಯ ಗಂಟಲಿನಲ್ಲಿ, ನಾಲೆಯ ಆಚೆಗೂ ಕೇಳುವಂತೆ ಹೇಳಿ, ಜಗ್ಗಿದನು. ಭಾರಿ ಮೈಯ ಒಕ್ಕಲಿಗನ ಏಟು. ಅಂಥ ನಾದವನ್ನು ಆ ಗಂಟೆಯಿಂದ ನಾನು ಹಿಂದೆ ಕೇಳಿರಲಿಲ್ಲ. ಹಳ್ಳಿಯ ಕಾಗೆಗಳೆಲ್ಲ ಎದ್ದವು. ಚೌರಪ್ಪನು ಬಾಣದಪ್ಪನ ಪಾದದ ಬಳಿ ಮಂಡಿಯೂರಿ, ಕಣ್ಣು ಮುಚ್ಚಿ, ಮೆಲ್ಲಗೆ ಮಂತ್ರ ಶುರುಮಾಡಿದನು. ಅಭ್ಯಾಸವಿಲ್ಲದ ಕೆಂಪಣ್ಣ ಸ್ವಲ್ಪ ಹೊತ್ತು ಕಾದು, ಮತ್ತೆ ಹಗ್ಗ ಎಳೆಯಲು ಕೈ ಎತ್ತಿದನು.

“ತಡಿ ಕಣ್ಲಾ!” ಎಂದನು ಚೌರಪ್ಪ, ಕಣ್ಣು ತೆರೆಯದೆಯೇ. “ಅರ್ಧ ಮಂತ್ರಕ್ಕೆ ಹೊಡೀಬೇಡ. ಅವ್ಳು ಬಯ್ತಾಳೆ.”

ಕೆಂಪಣ್ಣ ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿಕೊಂಡನು. ಬಾಗಿಲಲ್ಲಿ ದೊಡ್ಡತಾಯಮ್ಮ, “ಗಟ್ಟಿಯಾಗಿ ಯೋಳಪ್ಪಾ” ಎಂದಳು. ಚೌರಪ್ಪ ಗಟ್ಟಿಯಾಗಿ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿ ಮುಗಿಸಿದನು. ಆಮೇಲೆ ತಲೆಯಾಡಿಸಿ, “ಹೂಂ, ಈಗ ಹೊಡಿ” ಎಂದನು.